ಮದುಮಗನ ಗಡ್ಡ

ಪೆಟ್ಟು ಬಿದ್ದದ್ದು ಕೈಗೆ, ಕೆಟ್ಟದ್ದು ಮಾತ್ರ ತಲೆ ಎಂದು ಸೆವ್ದಾ ಅಜ್ಜಿ ತನ್ನ ಮಗನ ಬಗ್ಗೆ ಬೀದಿಯಲ್ಲಿ ಹೋಗಿಬರುವವರಿಗೆಲ್ಲ ಹೇಳತೊಡಗಿದ ಮೇಲೆ ಸೊಸೆ ಡೋನ್ಕಾಳಿಗೆ ಗೇಟು ದಾಟುವುದೇ ಕಷ್ಟವಾಯಿತು. ಬ್ರೆಡ್ಡು ತರಲು ಹೋದರೆ ಬೇಕರಿಯವಳು ದನಿ ತಗ್ಗಿಸಿ, "ನೌಮ್ ಮೇಸ್ತ್ರಿಗೆ ಜನರ ಗುರುತು ಸಿಗುತ್ತಾ?" ಎಂದು ಕೇಳುವಳು.

"ಸಿಗುತ್ತೆ. ನಿನ್ನೆಯ ಬ್ರೆಡ್ಡನ್ನ ಇವತ್ತು ಮಾರೋರ ಗುರುತಂತೂ ಚೆನ್ನಾಗೇ ಸಿಗುತ್ತೆ," ಎಂದು ಡೋನ್ಕಾ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬರುವಳು. ಬಂದವಳೇ ಅತ್ತೆಯ ಮೇಲೆ ಹರಿಹಾಯುವಳು.

"ನಾನೇನು ಸುಳ್ಳು ಹೇಳಿದ್ನಾ?" ಎಂದು ಎಂಬತ್ತಮೂರು ವರ್ಷದ ಸೆವ್ದಾ ಕುರ್ಚಿಯನ್ನು ಬಿಸಿಲಿಗೆ ತಿರುಗಿಸಿಕೊಳ್ಳುವಳು. "ನಿನ್ನೆ ನನ್ನನ್ನ ನಿನ್ನ ಹೆಸರಿಂದ ಕರೆದ. ನಂಗೇನೂ ಬೇಜಾರಿಲ್ಲಮ್ಮ, ಮೂವತ್ತು ವರ್ಷ ಚಿಕ್ಕವಳಾದೆ."

ಬಿತೋಲಾ ಪಟ್ಟಣದ ಗಡಿಯಾರ ಗೋಪುರದ ಹಿಂದಿನ ಬೀದಿಯಲ್ಲಿ ನೌಮನದು ಕ್ಷೌರದ ಅಂಗಡಿ, ಮೂವತ್ತೊಂದು ವರ್ಷದ್ದು; ಕಸುಬು ಬಲ್ಲವನೆಂದು ಊರು ಅವನನ್ನು ಮೇಸ್ತ್ರಿ ಎನ್ನುತ್ತಿತ್ತು. ಅಂಗಡಿಯ ಕಬ್ಬಿಣದ ಶಟರಿನ ಸ್ಪ್ರಿಂಗು ಏಳು ವರ್ಷದಿಂದ ಸಡಿಲವಾಗಿತ್ತು. ದಿನಾ ಬೆಳಿಗ್ಗೆ ಅದನ್ನೆತ್ತುವಾಗ ಅವನು, "ನಾಳೆ ನಿನ್ನ ವಿಚಾರಿಸಿಕೊಳ್ತೀನಿ," ಎನ್ನುತ್ತಿದ್ದ. ಜೂನ್ ಕೊನೆಯ ಒಂದು ಬೆಳಿಗ್ಗೆ ಶಟರೇ ಅವನನ್ನು ವಿಚಾರಿಸಿಕೊಂಡಿತು. ಅದು ಜಾರಿ ಬಿದ್ದ ಏಟಿಗೆ ಬಲಗೈಯ ಮಣಿಕಟ್ಟು ಎರಡು ಕಡೆ ಮುರಿಯಿತು, ಹೆಬ್ಬೆರಳನ್ನು ಬಗ್ಗಿಸುವ ನರ ತುಂಡಾಯಿತು. ವೈದ್ಯರು ಎಲ್ಲವನ್ನೂ ಜೋಡಿಸಿ ಹೊಲಿದರು. ಆಗಸ್ಟ್ ನಡುವಿನಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಬಂದ ಕೈ ಬಡಕಲಾಗಿ, ಬಿಗಿದುಕೊಂಡು, ಯಾರದೋ ಕೈಯಂತಿತ್ತು.

ಇದೆಲ್ಲ ಬೇರೆ ವರ್ಷವಾಗಿದ್ದರೆ ಡೋನ್ಕಾ ತಡೆದುಕೊಳ್ಳುತ್ತಿದ್ದಳು. ಆದರೆ ಅಕ್ಟೋಬರಿನ ಎರಡನೆಯ ಭಾನುವಾರ ಒಬ್ಬನೇ ಮಗ ಗೊರ್ಯಾನನ ಮದುವೆ. ಮದುವೆಯ ಬೆಳಿಗ್ಗೆ ಮದುಮಗನನ್ನು ಅಂಗಳದ ನಡುವೆ ಕುರ್ಚಿಯಲ್ಲಿ ಕೂರಿಸಿ, ಡೋಲು ಬಾರಿಸುತ್ತ, ನೆಂಟರಿಷ್ಟರ ಎದುರು ಬ್ರಹ್ಮಚಾರಿಯ ಕೊನೆಯ ಗಡ್ಡ ತೆಗೆಯಬೇಕು. ಆ ಬೀದಿಯ ಮದುಮಕ್ಕಳ ಗಡ್ಡವನ್ನೆಲ್ಲ ನೌಮನೇ ತೆಗೆದವನು. ಅವನ ಗಡ್ಡ ತೆಗೆದದ್ದು ಅವನಪ್ಪ, ತನ್ನ ಕಪ್ಪು ಹಿಡಿಯ ಕ್ಷೌರದ ಕತ್ತಿಯಿಂದ. ಗೊರ್ಯಾನ್ ತೊಟ್ಟಿಲಲ್ಲಿದ್ದಾಗಲೇ ನೌಮ್ ಅದರ ಹರಿತ ನೋಡಿ, "ಇವನಿಗೆ ಇದನ್ನ ಎತ್ತಿಟ್ಟಿದೀನಿ," ಎಂದಿದ್ದ. ಈಗ ಆ ಕತ್ತಿ ಅಲಮಾರಿನಲ್ಲಿತ್ತು, ಕೈ ಕುತ್ತಿಗೆಯ ಪಟ್ಟಿಯಲ್ಲಿ ತೂಗುತ್ತಿತ್ತು. ಆ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ.

ಕೈ ನಿಧಾನಕ್ಕೆ ಸರಿಹೋಗುತ್ತದೆ ಎಂದು ಡೋನ್ಕಾ ನಂಬಿದ್ದಳು. ಅವಳನ್ನು ಹೆದರಿಸಿದ್ದು ಬೇರೆಯದೇ. ಒಂದು ಬೆಳಿಗ್ಗೆ ನೌಮ್ ಕಾಫಿಗೆ ಬಂದು ಕೂತಾಗ ಅಂಗಿಯ ಬಲತೋಳು ಖಾಲಿಯಾಗಿ ಜೋತಾಡುತ್ತಿತ್ತು.

"ಕೈ ಎಲ್ಲಿ?" ಎಂದಳು ಡೋನ್ಕಾ.

"ಯಾವ ಕೈ?"

ಕೈ ಅಂಗಿಯೊಳಗೆ ಹೊಟ್ಟೆಗೆ ಒರಗಿಕೊಂಡು ಮಲಗಿತ್ತು. ಅವನು ಗುಂಡಿಯನ್ನೆಲ್ಲ ಎಡಗೈಯಲ್ಲೇ ಹಾಕಿಕೊಂಡು, ಬಲಗೈ ಎಂಬುದೊಂದಿದೆ ಎನ್ನುವುದನ್ನೇ ಮರೆತು ಬಂದಿದ್ದ. ಇನ್ನೊಂದು ದಿನ ಚಮಚದ ಡ್ರಾಯರನ್ನು ಆ ಕೈಯ ಮೇಲೇ ಮುಚ್ಚಿದ. ಮತ್ತೊಂದು ದಿನ ಗೊರ್ಯಾನ್ ಕಾರನ್ನು ಹಿಂದಕ್ಕೆ ತೆಗೆಯುವಾಗ ನಿಂತು, "ಬಲಕ್ಕೆ ತಗೋ, ಇನ್ನೂ ಬಲಕ್ಕೆ," ಎಂದು ದಾರಿ ತೋರಿಸಿದ. ದ್ರಾಕ್ಷಿ ಚಪ್ಪರದ ಕಂಬ ಎಡಕ್ಕಿತ್ತೋ ಬಲಕ್ಕಿತ್ತೋ, ಅಂತೂ ಬಂಪರು ಅದಕ್ಕೆ ಬಡಿಯಿತು.

"ಅಪ್ಪಾ, ಎಡ ಅಂದ್ರೆ ಯಾವುದು ಹೇಳು ನೋಡೋಣ," ಎಂದ ಗೊರ್ಯಾನ್ ಕಾರಿಂದಿಳಿದು.

"ಮೂವತ್ತೊಂದು ವರ್ಷ ಕನ್ನಡೀಲಿ ನೋಡಿ ಕೆಲಸ ಮಾಡಿದೋನಿಗೆ ನೀನು ಎಡಬಲ ಕಲಿಸ್ತೀಯೇನೋ?" ಎಂದು ನೌಮ್ ರೇಗಿದ. ಉತ್ತರ ಮಾತ್ರ ಹೇಳಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಆಯ್ವಾರಿನ ದಿನ ಬಂತು. ನಲವತ್ತು ಕಿಲೋ ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು, ದೊಡ್ಡ ಪಾತ್ರೆಯಲ್ಲಿ ಎಣ್ಣೆ ಹಾಕಿ ಗಂಟೆಗಟ್ಟಲೆ ತಿರುವಬೇಕು, ಚಳಿಗಾಲಕ್ಕೆಲ್ಲ ಆಗುವಷ್ಟು. ಈ ವರ್ಷ ಮದುವೆಯ ಊಟಕ್ಕೂ ಅದೇ. ಸುಲಿಯುವುದು ನೌಮನ ಕೈಲಾಗದ ಕೆಲಸ. ಡೋನ್ಕಾ ಅವನ ಎಡಗೈಗೆ ಮರದ ಸೌಟು ಕೊಟ್ಟು, "ತಿರುವ್ತಾ ಇರು. ತಳ ಹಿಡಿದ್ರೆ ಮನೇಲಿ ಜಾಗ ಇಲ್ಲ," ಎಂದು ಶೀಶೆ ತೊಳೆಯಲು ಹೋದಳು.

ನೌಮ್ ಚೆನ್ನಾಗಿಯೇ ತಿರುವುತ್ತಿದ್ದ. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯವನು ಫುಟ್‌ಬಾಲಿನ ಮಾತು ತೆಗೆದ. ಮಾತೆಂದರೆ ನೌಮನದು ಎತ್ತಿದ ಕೈ. ಒಂದು ಗಡ್ಡ ತೆಗೆಯುವಷ್ಟರಲ್ಲಿ ಎರಡು ಸರ್ಕಾರ ಬೀಳಿಸಿ ಮೂರನೆಯದನ್ನು ಕೂರಿಸುತ್ತಿದ್ದವನು ಅವನು, ಕತ್ತಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಈಗ ಬಾಯಿ ಶುರುವಾದ ಕೂಡಲೇ ಸೌಟು ನಿಂತಿತು. ಡೋನ್ಕಾಳ ಮೂಗಿಗೆ ಸೀದ ವಾಸನೆ ಬಡಿದು ಓಡಿಬರುವಷ್ಟರಲ್ಲಿ ಹನ್ನೆರಡು ಶೀಶೆಯ ಆಯ್ವಾರು ತಳಕ್ಕೆ ಕಪ್ಪಗೆ ಅಂಟಿತ್ತು.

"ನಿನ್ನ ಕೈಗಿಷ್ಟು ಬೆಂಕಿ ಹಾಕ!" ಎಂದು ಅವಳು ಸೌಟು ಕಿತ್ತುಕೊಂಡಳು. "ಸೋಮಾರಿ! ಎರಡು ತಿಂಗಳಿಂದ ನಾಟಕ ಆಡ್ತಿದೀಯ. ತಿರುವೋದಕ್ಕೂ ಆಗಲ್ವಾ?"

"ತಿರುವ್ತಾನೇ ಇದ್ದೆ ಕಣೇ."

"ಸೌಟು ನಿಂತಿತ್ತು!"

ನೌಮ್ ಸೌಟನ್ನು ನೋಡಿದ, ತನ್ನ ಎಡಗೈಯನ್ನು ನೋಡಿದ. "ನಂಗೆ ತಿರುವ್ತಾ ಇದೀನಿ ಅಂತಲೇ ಅನ್ನಿಸ್ತಿತ್ತು," ಎಂದ. ಆ ದನಿ ಕೇಳಿ ಡೋನ್ಕಾಳ ಸಿಟ್ಟು ಅರ್ಧಕ್ಕೆ ನಿಂತುಹೋಯಿತು. ನಾಟಕವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಮಾರನೆಯ ದಿನ ಅವಳೂ ಅವನ ಜೊತೆ ಆಸ್ಪತ್ರೆಗೆ ಹೋದಳು. ಕೈಗೆ ವ್ಯಾಯಾಮ ಮಾಡಿಸುವ ಹುಡುಗಿ ಅವಳನ್ನು ಕಂಡವಳೇ, "ಮನೇಲಿ ಕಾರ್ಡು ನೋಡ್ತಿದಾರಾ? ಕನ್ನಡಿ ಅಭ್ಯಾಸ ಮಾಡ್ತಿದಾರಾ?" ಎಂದು ಕೇಳಿದಳು.

"ಯಾವ ಕಾರ್ಡು? ಯಾವ ಕನ್ನಡಿ?"

ನೌಮ್ ಛಾವಣಿ ನೋಡಿದ. ತಿಂಗಳ ಹಿಂದೆ ಕೊಟ್ಟ ಪೆಟ್ಟಿಗೆಯನ್ನು ಅವನು ಬಿಚ್ಚದೆ ಅಲಮಾರಿನ ಕೆಳಗೆ ತಳ್ಳಿದ್ದ. ಹುಡುಗಿ ಡೋನ್ಕಾಳ ಕಡೆ ತಿರುಗಿ ಹೇಳಿದಳು: "ತಲೆ ಕೆಟ್ಟಿಲ್ಲ ಅಮ್ಮಾ. ಕೈ ಎರಡು ತಿಂಗಳು ಸುಮ್ನೆ ಕೂತಿದ್ದಕ್ಕೆ ತಲೆ ಅದನ್ನ ಬಿಟ್ಟುಬಿಟ್ಟಿದೆ. ನೋವು, ನಿದ್ದೆ ಇಲ್ಲದ್ದು ಬೇರೆ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ಕೈ ಇನ್ನೂ ಇದೆ ಅಂತ ತಲೆಗೆ ದಿನಾ ನೆನಪು ಮಾಡಿಸ್ಬೇಕು."

"ನೆನಪು ಮಾಡಿಸೋದು ನಂಗೆ ಬಿಡಿ," ಎಂದಳು ಡೋನ್ಕಾ.

ಅಂದಿನಿಂದ ಊಟದ ಮೇಜಿನ ಮೇಲೆ ಕಾರ್ಡಿನಾಟ. ನಲವತ್ತು ಕಾರ್ಡು, ಎಲ್ಲದರಲ್ಲೂ ಒಂದೊಂದು ಕೈಯ ಚಿತ್ರ, ನೆಟ್ಟಗೆ, ತಲೆಕೆಳಗೆ, ಓರೆಯಾಗಿ. ನೋಡಿದ ತಕ್ಷಣ ಎಡವೋ ಬಲವೋ ಹೇಳಬೇಕು. ಡೋನ್ಕಾ ಕಾರ್ಡು ತಿರುಗಿಸುವಳು, ಗೊರ್ಯಾನ್ ಫೋನಿನಲ್ಲಿ ಸಮಯ ನೋಡುವನು. ಸೆವ್ದಾ ಅಜ್ಜಿ ಹುರುಪಿನಿಂದ ಮೇಜು ಬಡಿದು, "ಎಡ! ಬಲ! ಬಲ! ಎಡ!" ಎನ್ನುತ್ತ ನಲವತ್ತನ್ನೂ ಒಂದೇ ಉಸಿರಿಗೆ ಮುಗಿಸಿಬಿಟ್ಟಳು. ನೌಮನಿಗೆ ಎಡಗೈ ಬಂದರೆ ತೊಂದರೆಯಿಲ್ಲ. ಬಲಗೈ ಬಂದರೆ ಕತ್ತು ಓರೆ ಮಾಡುವನು, ಭುಜ ತಿರುಗಿಸುವನು, ಹಣೆ ಬೆವರುವುದು.

"ಇದು... ಇದು ಯಾರ ಕೈ?"

"ಯಾರದ್ದಾದ್ರೇನೋ, ಎಡವೋ ಬಲವೋ ಹೇಳು!" ಎಂದಳು ಅಜ್ಜಿ.

"ಉಗುರು ಸರಿಯಾಗಿ ಕತ್ತರಿಸಿಲ್ಲ. ಅಷ್ಟು ಹೇಳಬಲ್ಲೆ."

ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಹೇಳುವ ಆಟ. ಹೆಬ್ಬೆರಳಿಗೆ ಉಣ್ಣೆ ತಾಗಿಸಿದರೆ, "ಹತ್ತಿ." ಉಪ್ಪುಕಾಗದ ತಾಗಿಸಿದರೆ, "ಹತ್ತಿ." ಅಜ್ಜಿ ತನ್ನ ಗಲ್ಲದ ಮೇಲಿನ ಮುಳ್ಳುಗೂದಲನ್ನೇ ಅವನ ಹೆಬ್ಬೆರಳಿಗೆ ಒತ್ತಿದಳು. "ಹತ್ತಿ, ಸ್ವಲ್ಪ ಹಳೇದು," ಎಂದ ನೌಮ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೌಮನೂ ನಕ್ಕ, ಆದರೆ ಎದ್ದು ಹೊರಗೆ ಹೋಗಿ ಚಪ್ಪರದ ಕೆಳಗೆ ಬಹಳ ಹೊತ್ತು ನಿಂತಿದ್ದ.

ಕನ್ನಡಿಯದು ಇನ್ನೂ ದೊಡ್ಡ ಜಗಳ. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಗಾಯದ ಕೈಯನ್ನು ಹಿಂದೆ ಬಚ್ಚಿಟ್ಟು, ಒಳ್ಳೆಯ ಕೈಯನ್ನು ಆಡಿಸುತ್ತ ಕನ್ನಡಿಯಲ್ಲಿ ನೋಡಬೇಕು. ಬಲಗೈಯೇ ಆಡುತ್ತಿದೆ ಎಂದು ತಲೆ ನಂಬಬೇಕು. ನೌಮನ ತಲೆ ನಂಬುವಂಥದ್ದಲ್ಲ.

"ಇದು ಎಡಗೈ," ಎಂದ.

"ಬಲ ಅಂತ ಅಂದ್ಕೋ."

"ಕನ್ನಡಿ ಎಷ್ಟು ಸುಳ್ಳು ಹೇಳುತ್ತೆ ಅಂತ ನನಗಿಂತ ಚೆನ್ನಾಗಿ ಈ ಊರಲ್ಲಿ ಯಾರಿಗೆ ಗೊತ್ತು? ಬೈತಲೆ ಎಡಕ್ಕೆ ಬೇಕು ಅಂತ ಗಿರಾಕಿ ಹೇಳಿದ್ರೆ, ಕನ್ನಡಿಯ ಎಡವೋ ನಿನ್ನ ಎಡವೋ ಅಂತ ಕೇಳೋನು ನಾನು."

"ಈಗ ನಿನಗೇ ಎಡ ಗೊತ್ತಾಗಲ್ಲ, ಹೆಚ್ಚು ಮಾತಾಡಬೇಡ."

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಡೋನ್ಕಾ ಬೇಸತ್ತು ಅಂಗಡಿಯಿಂದ ನೊರೆಯ ಬಟ್ಟಲು, ಬ್ರಷ್ಷು ತಂದು ಅವನ ಎಡಗೈಗೆ ಕೊಟ್ಟಳು. ಮುಂದೆ ಆಯ್ವಾರಿನ ಖಾಲಿ ಶೀಶೆಯೊಂದನ್ನು ಬೋರಲು ಹಾಕಿದಳು. "ಸುಮ್ನೆ ಬೆರಳು ಮಡಿಸ್ಬೇಡ. ಇವರಿಗೆ ನೊರೆ ಹಚ್ಚು. ಬಾಯಿ ಮುಚ್ಕೊಂಡು."

ನೌಮ್ ಹಚ್ಚತೊಡಗಿದ. ಕನ್ನಡಿಯಲ್ಲಿ ಬಲಗೈಯೊಂದು, ಯಾವ ಗಾಯವೂ ಇಲ್ಲದೆ, ಶೀಶೆಯ ಕೆನ್ನೆಗೆ ನೊರೆ ಸುತ್ತುತ್ತಿತ್ತು. ಕೆಳಗಿನಿಂದ ಮೇಲಕ್ಕೆ, ಸಣ್ಣ ಸುತ್ತು, ದೊಡ್ಡ ಸುತ್ತು. ಕನ್ನಡಿಯ ಹಿಂದೆ, ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ನಿಜವಾದ ಬಲಗೈಯ ಬೆರಳುಗಳು ಮೆಲ್ಲಗೆ ಅಲುಗಿದ್ದನ್ನು ಡೋನ್ಕಾ ನೋಡಿದಳು.

"ಇವನು ನಾನೇ ಕಣೇ," ಎಂದ ನೌಮ್. ಅವನ ಕಣ್ಣಲ್ಲಿ ನೀರಿತ್ತು. ಡೋನ್ಕಾ, "ನೊರೆ ಮೇಜಿಗೆ ಬೀಳ್ತಿದೆ," ಎಂದು ಗದರಿ ಬಟ್ಟೆ ತರಲು ಒಳಗೆ ಹೋದಳು. ಅಲ್ಲಿ ಅವಳೂ ಮೂಗು ಒರೆಸಿಕೊಂಡಳು.

ಮದುವೆಗೆ ಎರಡು ವಾರವಿದ್ದಾಗ ಬಲಗೈಗೆ ಕತ್ತಿ ಹಿಡಿಯುವಷ್ಟು ಶಕ್ತಿ ಬಂತು. ಹೊಸಬರು ಕ್ಷೌರ ಕಲಿಯುವುದು ಬಲೂನಿನ ಮೇಲೆ. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದಂತೆ ಕತ್ತಿಯಲ್ಲಿ ತೆಗೆಯಬೇಕು. ಐವತ್ತೆಂಟನೆಯ ವಯಸ್ಸಿನಲ್ಲಿ ನೌಮ್ ಮತ್ತೆ ಬಲೂನಿಗೆ ಬಂದ. ಎಡ ಹೆಬ್ಬೆರಳಿಗೆ ಕತ್ತಿ ತಾಗಿಸಿ ಹರಿತ ನೋಡುವನು, ಯಾಕೆಂದರೆ ಬಲಹೆಬ್ಬೆರಳಿಗೆ ಕತ್ತಿಯೂ ಹತ್ತಿಯೇ. ಆಮೇಲೆ ಬಲಗೈಗೆ ದಾಟಿಸಿಕೊಂಡು ಶುರು ಮಾಡುವನು. ಢಮ್. ಇನ್ನೊಂದು. ಢಮ್. ಅಂಗಳದ ಬೆಕ್ಕು ಮನೆ ಬಿಟ್ಟು ಹೋಯಿತು.

ಮದುವೆಯ ಹಿಂದಿನ ದಿನ, ಶನಿವಾರ, ಸೊಸೆಯಾಗಲಿರುವ ರುಮೆನಾ ಬಂದು, ತಾನು ಇಲ್ಲಿ ಇಟ್ಟುಹೋಗಿದ್ದ ಕೆಂಪು ಬಿಳಿ ಬಲೂನುಗಳ ಕಟ್ಟು ಕೇಳಿದಳು. ಮದುವೆಯ ಸಭಾಂಗಣಕ್ಕೆಂದು ತಂದ ಇನ್ನೂರು ಬಲೂನು.

"ಒಂಬತ್ತು ಉಳಿದಿವೆ ಮಗಳೇ," ಎಂದಳು ಅಜ್ಜಿ. "ಉಳಿದವರೆಲ್ಲ ನಿನ್ನ ಮಾವನ ಕೈಯಲ್ಲಿ ತೀರಿಕೊಂಡರು."

ರುಮೆನಾ ಅಂಗಳದ ತುಂಬ ಬಿದ್ದಿದ್ದ ಚೂರುಗಳನ್ನು ನೋಡಿ ನಕ್ಕಳು. ಅವಳ ಪಕ್ಕದಲ್ಲಿದ್ದ ಗೊರ್ಯಾನ್ ನಗಲಿಲ್ಲ. ಅವನು ತಾಯಿಯ ಹಿಂದೆಯೇ ಅಡಿಗೆಮನೆಗೆ ಬಂದು ಬಾಗಿಲು ಮುಚ್ಚಿದ.

"ಅಮ್ಮಾ, ನೂರಾ ತೊಂಬತ್ತೊಂದು ಬಲೂನು."

"ಕೊನೆಯ ಹತ್ತರಲ್ಲಿ ನಾಲ್ಕು ಉಳಿದ್ವು."

"ನಂಗಿರೋದು ಒಂದೇ ಗಂಟಲು! ಮಾತಾಡಿದ್ರೆ ಕೈ ನಿಲ್ಲುತ್ತೆ, ಯಾರಾದ್ರೂ ಕರೆದ್ರೆ ಎಲ್ಲಿದ್ದೆ ಅಂತ ಮರೆತುಹೋಗುತ್ತೆ. ಮೆಷೀನಲ್ಲಿ ತೆಗೀಲಿ ಅಂತ ನೀನಾದ್ರೂ ಹೇಳು."

"ನೀನೇ ಹೇಳು."

"ಹೇಗಮ್ಮಾ ಹೇಳಲಿ?" ಎಂದ ಗೊರ್ಯಾನ್. ಬಟಾಣಿ ಗಾತ್ರದ ಬೆವರು ಹಣೆಯಲ್ಲಿತ್ತು. "ಬೇಡ ಅಂದ್ರೆ ಅಪ್ಪ ಮತ್ತೆ ಅಂಗಡಿ ತೆಗೆಯಲ್ಲ."

ಡೋನ್ಕಾಳಿಗೂ ಅದು ಗೊತ್ತಿತ್ತು. ಗಂಡನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ, ಮಗನಿಗೆ ಹೆದರಬೇಡ ಎನ್ನಲೂ ಬರಲಿಲ್ಲ. ಮದುವೆಯ ಬೆಳಿಗ್ಗೆ, ಹೆಂಗಸರು ಬರುವ ಮೊದಲು, ಅವಳು ಮೂರನೆಯ ದಾರಿ ಹಿಡಿದಳು. ಅಲಮಾರಿನಿಂದ ಕಪ್ಪು ಹಿಡಿಯ ಕತ್ತಿ ತೆಗೆದು, ಆಯ್ವಾರಿನ ಶೀಶೆಯೊಂದರ ಅಂಚಿಗೆ ಹತ್ತಾರು ಸಲ ತಿಕ್ಕಿದಳು. ಮೊಂಡಾದರೆ ಯಾರ ಗಂಟಲೂ ಕತ್ತರಿಸದು ಎಂಬುದು ಅವಳ ಲೆಕ್ಕ. ಮದುಮಗನ ಕತ್ತಿಯನ್ನು ಮೇಸ್ತ್ರಿಯ ಹೊರತು ಯಾರೂ ಮುಟ್ಟುವ ಪದ್ಧತಿಯಿಲ್ಲವಾದ್ದರಿಂದ, ಮೂವತ್ತು ವರ್ಷ ಕ್ಷೌರದವನ ಹೆಂಡತಿಯಾಗಿದ್ದೂ ಅವಳು ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಹತ್ತು ಗಂಟೆಗೆ ಅಂಗಳದಲ್ಲಿ ಡೋಲು, ಕ್ಲಾರಿನೆಟ್ಟು, ನೆಂಟರು, ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಲೋಟಗಳು. ಗೊರ್ಯಾನ್ ಹೆಗಲಿಗೆ ಬಿಳಿ ಟವೆಲು ಹೊದ್ದು, ಕುರ್ಚಿಯ ಕೈ ಬಿಗಿಹಿಡಿದು ಕೂತ. ನೌಮ್ ನೊರೆ ಹಚ್ಚಿದ. ಆಮೇಲೆ ಕತ್ತಿಯನ್ನು ಬಿಚ್ಚಿ ಎಡಗೈಯಲ್ಲಿ ಹಿಡಿದು, ಜನರ ಕಡೆ ನೋಡುತ್ತಲೇ, ಮೂವತ್ತೊಂದು ವರ್ಷ ಮಾಡಿದಂತೆ ಬಲಹೆಬ್ಬೆರಳನ್ನು ಅಂಚಿಗೆ ಮೆಲ್ಲಗೆ ತಾಗಿಸಿದ.

ಅವನ ಮುಖ ಬದಲಾಯಿತು. ಡೋಲಿನವನ ಕಡೆ ಕೈಯೆತ್ತಿ ನಿಲ್ಲಿಸಿದ. ಎಲ್ಲರನ್ನೂ ಬಿಟ್ಟು ಡೋನ್ಕಾಳನ್ನೇ ನೋಡಿದ.

"ಸಾಣೆಕಲ್ಲು ತಗೊಂಡು ಬಾ," ಎಂದ.

ಡೋನ್ಕಾ ತಲೆ ಎತ್ತದೆ ಒಳಗೆ ಹೋದಳು. ಕಲ್ಲು ತಂದು ಅವನ ಮುಂದಿಟ್ಟಳು. ನೌಮ್ ಕಲ್ಲಿಗೆ ನೀರು ಚಿಮುಕಿಸಿ, ಮಸೆಯತೊಡಗಿದ. ಬ್ಯಾಂಡಿನವರು ನಾಲ್ಕು ಹಾಡು ಬಾರಿಸಿದರು, ನೆಂಟರು ಎರಡು ಸುತ್ತು ಕುಡಿದರು, ಗೊರ್ಯಾನನ ಮುಖದ ನೊರೆ ಒಣಗಿ ಬಿರುಕುಬಿಟ್ಟಿತು. ಚರ್ಮದ ಪಟ್ಟಿಯ ಮೇಲೆ ಕೊನೆಯ ಸಲ ಎಳೆದು, ಮತ್ತೆ ಬಲಹೆಬ್ಬೆರಳು ತಾಗಿಸಿ ನೋಡಿ, ಹೊಸ ನೊರೆ ಹಚ್ಚಿ, ನೌಮ್ ಮಗನ ಎಡಗೆನ್ನೆಗೆ ಕತ್ತಿಯಿಟ್ಟ.

ಎಂದೂ ಬಾಯಿ ಮುಚ್ಚದ ಮೇಸ್ತ್ರಿ ಮೌನವಾಗಿ ಗಡ್ಡ ತೆಗೆಯುವುದನ್ನು ಕಂಡು ಅಂಗಳವೇ ಮೌನವಾಯಿತು. ಕತ್ತಿಯ ಸರಸರ ಬಿಟ್ಟರೆ ಸದ್ದಿಲ್ಲ.

"ಅಪ್ಪಾ," ಎಂದ ಗೊರ್ಯಾನ್ ತುಟಿ ಅಲುಗಿಸದೆ, "ಏನಾದ್ರೂ ಮಾತಾಡು, ಹೆದರಿಕೆ ಆಗ್ತಿದೆ."

"ಸುಮ್ನಿರೋ," ಎಂದಳು ಅಜ್ಜಿ ಹಿಂದಿನಿಂದ. "ಅವನು ಮಾತಾಡಿದ್ರೆ ಹೆದರು."

ಎಡಗೆನ್ನೆ, ಗಲ್ಲ, ಗಂಟಲು. ಗಂಟಲ ಹತ್ತಿರ ಬಂದಾಗ ಡೋನ್ಕಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ನೌಮ್ ಕತ್ತಿ ಒರೆಸಿ ಮಡಿಸುತ್ತಿದ್ದ. "ಮುಗೀತು!" ಎಂದ. ಡೋಲು ಸಿಡಿಯಿತು, ಜನ ಕೂಗಿದರು. ಗೊರ್ಯಾನ್ ಏಳಲೋ ಬೇಡವೋ ಎಂದು ಕೂತೇ ಇದ್ದ. ಅವನ ಬಲಗೆನ್ನೆಯ ತುಂಬ ನೊರೆ.

"ಆ ಕೆನ್ನೆಗೆ ಬೇರೆ ಹುಡುಗಿ ನೋಡಿದೀಯೇನೋ?" ಎಂದಳು ಅಜ್ಜಿ.

ಅಂಗಳ ನಕ್ಕು ನಕ್ಕು ಸುಸ್ತಾಯಿತು. ನೌಮ್ ಮಗನ ಮುಖ ನೋಡಿ ಒಂದು ಗಳಿಗೆ ಪೆಚ್ಚಾದ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕ. "ಬಲ," ಎಂದು ಕತ್ತಿ ಬಿಚ್ಚಿ, ಕುರ್ಚಿಯನ್ನು ಸುತ್ತಿಕೊಂಡು ಸೀದಾ ಆ ಕೆನ್ನೆಗೇ ಹೋದ. ಎರಡನೆಯ ಸಲ ಮುಗಿಸಿದಾಗ ಗೊರ್ಯಾನನ ಮುಖದಲ್ಲಿ ಒಂದು ಗೀರೂ ಇರಲಿಲ್ಲ. ಅವನು ಎದ್ದು ಅಪ್ಪನನ್ನು ತಬ್ಬಿಕೊಂಡು ಹಾಗೇ ನಿಂತುಬಿಟ್ಟ.

ಜನ ಕುಣಿತಕ್ಕೆ ತಿರುಗಿದಾಗ ಡೋನ್ಕಾ ನೀರಿನ ಬೋಗುಣಿ ಹಿಡಿದು ಗಂಡನ ಹತ್ತಿರ ಬಂದಳು. ಅವನು ಕತ್ತಿ ತೊಳೆಯುತ್ತ ಮೆಲ್ಲಗೆ ಹೇಳಿದ: "ಮುಂದೆ ಯಾವತ್ತಾದ್ರೂ ನನ್ನ ಕೈ ಬಗ್ಗೆ ಹೆದರಿಕೆ ಆದ್ರೆ, ಕತ್ತೀನ ಮೊಂಡು ಮಾಡಬೇಡ ಕಣೇ. ಹರಿತ ಮಾಡಿಡು. ಮೊಂಡಾದ್ರೆ ಒತ್ತಬೇಕಾಗುತ್ತೆ, ಒತ್ತಿದ್ರೆ ಕುಯ್ಯುತ್ತೆ."

"ನಾನೇ ಅಂತ ಹೇಗೆ ಗೊತ್ತಾಯ್ತು?"

"ಅಪ್ಪನ ಕತ್ತಿಗೆ ಆಯ್ವಾರಿನ ವಾಸನೆ ಇನ್ಯಾರಿಂದ ಬರುತ್ತೆ?"

ಡೋನ್ಕಾಳಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದವಳು ತಟ್ಟನೆ ಎತ್ತಿದಳು. "ಮೊಂಡಾಗಿದೆ ಅಂತ ಹೇಗೆ ಗೊತ್ತಾಯ್ತು? ಅದಕ್ಕೆ ವಾಸನೆ ಇಲ್ವಲ್ಲ."

"ಹೆಬ್ಬೆರಳಿಟ್ಟು ನೋಡಿದೆ. ಗೊರಗೊರ ಅಂತು."

"ಯಾವ ಹೆಬ್ಬೆರಳು?"

ನೌಮ್ ತನ್ನ ಎರಡೂ ಕೈ ನೋಡಿಕೊಂಡ. ಎಡಗೈ ನೋಡಿದ, ಬಲಗೈ ನೋಡಿದ. ಬಲಹೆಬ್ಬೆರಳನ್ನು ಮೆಲ್ಲಗೆ ಎತ್ತಿ ಅವಳ ಕೆನ್ನೆಗೆ ತಾಗಿಸಿದ. "ಒದ್ದೆ," ಎಂದ.

ಹೊರಗೆ ಗೇಟಿನ ಬಳಿ ಬೇಕರಿಯವಳು ಮದುವೆಯ ರೊಟ್ಟಿ ತಂದಿಳಿಸುತ್ತ ಇಣುಕಿ ನೋಡಿ, ಒಳಗೆ ಏನು ವಿಶೇಷವೆಂದು ಕೇಳಿದಳು. ಸೆವ್ದಾ ಅಜ್ಜಿ ಕುರ್ಚಿಯನ್ನು ಬಿಸಿಲಿಗೆ ತಿರುಗಿಸಿಕೊಂಡಳು.

"ನನ್ನ ಮಗನ ಕೈ ಸರಿಹೋಯ್ತು," ಎಂದಳು. "ಈಗ ಸೊಸೆಯ ತಲೆ ಕೆಟ್ಟಿದೆ. ನೋಡು, ನಗ್ತಾ ನಗ್ತಾನೇ ಅಳ್ತಿದಾಳೆ."